ದೊಡ್ಡಮ್ಮನ ನೋವು, ಮಾತ್ರೆ, ಧ್ಯಾನ: ಸವಿತಾಗೆ ಉತ್ತರ

ಸವಿತಾ, ನಿನ್ನ ಮೆಸೇಜು ಕೇಳ್ದೆ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ದೊಡ್ಡಮ್ಮಂಗೆ ನೋವು, ಮಾರ್ಫಿನ್ ಅನ್ನೋ ಬಲವಾದ ನೋವಿನ ಮಾತ್ರೆ ನಡೀತಿದೆ, ಮೈಂಡ್‌ಫುಲ್‌ನೆಸ್ ಧ್ಯಾನ (ಈ ಕ್ಷಣ ಆಗ್ತಿರೋದನ್ನ ಸುಮ್ನೆ ಗಮನಿಸೋದು) ಮಾಡಿಸಿದ್ರೆ ಮಾತ್ರೆ ಬಿಡಿಸ್ಬಹುದು ಅಂತ ಯಾರೋ ಅಂದ್ರು, ಅಲ್ವಾ? ಧ್ಯಾನ ಮಾಡ್ಸು, ಮಾತ್ರೆ ಮಾತ್ರ ನಿಲ್ಲಿಸ್ಬೇಡ. ಮಾರ್ಫಿನ್ ಥಟ್ಟಂತ ನಿಲ್ಲಿಸಿದ್ರೆ ನೋವು ಮರಳೋದಲ್ದೆ ಬೆವರು, ನಡುಕ, ಭೇದಿ ಎಲ್ಲಾ ಶುರುವಾಗತ್ತೆ. ಸಾದಾ ಮಾರ್ಫಿನ್ ಕೆಲಸ ಮಾಡೋದು ಸುಮಾರು 4 ಗಂಟೆ. ಅದಕ್ಕೇ ಗಡಿಯಾರ ನೋಡಿ ಕೊಡೋದು, ನೋವು ಬರ್ಲಿ ಅಂತ ಕಾಯೋದಲ್ಲ.

ಧ್ಯಾನ ಮುಟ್ಟೋದು ಬೇರೇದನ್ನ. ನೋವು ಒಂದಿರತ್ತೆ, ಅದರ ಮೇಲೆ ನಾವು ಪೇರಿಸಿದ್ದು ಇನ್ನೊಂದು: ರಾತ್ರಿ ಜಾಸ್ತಿ ಆದ್ರೆ ಹೇಗೆ, ಗಡ್ಡೆ ಬೆಳೀತಿದೆಯೇನೋ ಅನ್ನೋ ಹೆದರಿಕೆ, ಅದರಿಂದ ಬಿಗಿಯಾದ ಭುಜ, ಕಚ್ಚಿದ ಹಲ್ಲು, ಕಟ್ಟಿದ ಉಸಿರು. ಇಳಿಯೋದು ಈ ಎರಡನೇದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಶುರು ಮಾಡಿದ ಈ ಧ್ಯಾನದ ತರಬೇತಿ 8 ವಾರದ್ದು, ಮನೇಲಿ ದಿನಕ್ಕೆ 45 ನಿಮಿಷ. ದೊಡ್ಡಮ್ಮಂಗೆ ಅಷ್ಟೆಲ್ಲ ಆಗಲ್ಲ. ಐದೈದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಒಗ್ಗಿದ್ರೆ ಹತ್ತು ಮಾಡಿ.

ಮಾತ್ರೆ ತಗೊಂಡು ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ ಶುರು ಮಾಡ್ಸು. ಚಕ್ಕಳಮಕ್ಕಳ ಹಾಕ್ಕೊಂಡು ಕೂರೋದು ಬೇಡ, ನೆಲವೂ ಬೇಡ. ಅಂಗಾತ ಮಲಗಿದ್ರೆ ಮಂಡಿ ಕೆಳಗೆ ದಿಂಬು, ಮಗ್ಗುಲಾದ್ರೆ ಮಂಡಿಗಳ ನಡುವೆ.

ಇಲ್ಲೇ ಜನ ಎಡವೋದು: ನೇರ ನೋವಿರೋ ಜಾಗಕ್ಕೇ ಗಮನ ಇಡಿಸ್ತಾರೆ, ಅದು ಇನ್ನೂ ಕೆರಳತ್ತೆ. ನೋವಿಲ್ಲದ ಕಡೆಯಿಂದ ಹೊರಡ್ಬೇಕು. ಎಷ್ಟೋ ಆಡಿಯೋಗಳು ಕಾಲ್ಬೆರಳಿಂದ ಶುರುವಾಗ್ತವೆ, ಆದ್ರೆ ಕೀಮೋ ಆದವರಿಗೆ ಪಾದ ಜುಮುಜುಮು ಅಂತಿದ್ರೆ ಅದು ಬೇಡ. ಅಂಗೈ ಮೇಲೆ ಗಮನ ಇಡ್ಲಿ. ಅಂಗೈಯೂ ಉರಿಯತ್ತೆ ಅಂದ್ರೆ ಫ್ಯಾನಿನ ಸದ್ದು. ಅಲ್ಲಿ ಒಂದು ನಿಮಿಷ. ಆಮೇಲೆ ಹೊಟ್ಟೆ ಏರಿಳಿಯೋದು, ಹೊರಗೆ ಹೋಗೋ ಉಸಿರನ್ನ ಒಂದರಿಂದ ಹತ್ತರ ತನಕ ಎಣಿಸೋದು. ಪ್ರಾಣಾಯಾಮ ಅಲ್ಲ ಇದು, ಉಸಿರು ಹಿಡೀಬಾರ್ದು. ಏದುಸಿರು ಇರೋ ದಿನ ಉಸಿರಿನ ಗೊಡವೆಗೇ ಹೋಗ್ಬೇಡಿ, ಅಂಗೈಯೇ ಸಾಕು.

ಈಗ ನೋವಿನ ಅಂಚಿಗೆ ಹೋಗೋದು. ನಡುವಿಗಲ್ಲ, ಅಂಚಿಗೆ. ಅದು ಸೆಳೆತವೋ, ಉರಿಯೋ, ಭಾರವೋ, ಒಂದೇ ಸಮ ಇದೆಯೋ ಬಂದು ಬಂದು ಹೋಗತ್ತೋ, ಸುಮ್ನೆ ನೋಡೋದು. ಮೂರ್ನಾಲ್ಕು ಉಸಿರು ಅಷ್ಟೇ, ಮತ್ತೆ ಅಂಗೈಗೆ ವಾಪಸ್. ಈ ಹೋಗಿ ಬರೋದೇ ಅಭ್ಯಾಸ. ಗಮನ ನೂರು ಸಲ ಜಾರಿದ್ರೂ ಅದು ತಪ್ಪಲ್ಲ.

ಮುಗಿದ ತಕ್ಷಣ "ಹೋಯ್ತಾ?" ಅಂತ ಕೇಳ್ಬೇಡ, ದೊಡ್ಡಮ್ಮ ನಿನ್ನ ಮನಸ್ಸು ನೋಯಿಸ್ಬಾರ್ದು ಅಂತ ಹೂಂ ಅಂದ್ಬಿಡ್ತಾರೆ. ಎರಡು ಅಂಕ ಬರ್ಕೋ, ಸೊನ್ನೆಯಿಂದ ಹತ್ತರೊಳಗೆ: ನೋವೆಷ್ಟು, ಅದರ ಕಾಟ ಎಷ್ಟು. ನೋವು 6ರಲ್ಲೇ ನಿಂತು ಕಾಟ 8ರಿಂದ 5ಕ್ಕೆ ಬಂದ್ರೂ ಕೆಲಸ ಆಗ್ತಿದೆ ಅಂತ. ನಿದ್ದೆ ಹತ್ತಿದ್ರೆ ಎಬ್ಬಿಸ್ಬೇಡ. ಗಾಬರಿಯಾಗಿ ಅಳು ಬಂದ್ರೆ ಅಲ್ಲಿಗೇ ನಿಲ್ಸಿ, ಕಣ್ಣು ತೆರೆಸಿ ಮಾತಾಡ್ಸು.

ನೋವು 8 ದಾಟಿದಾಗ ಧ್ಯಾನದ ಹೊತ್ತಲ್ಲ ಅದು. ನಡುವೆ ಕೊಡೋಕೆ ಅಂತ ಡಾಕ್ಟ್ರು ಬರ್ದಿರೋ ಎಕ್ಸ್‌ಟ್ರಾ ಡೋಸು ಕೊಡು, ಇಳೀದಿದ್ರೆ ಫೋನ್ ಮಾಡು. ಮಲಬದ್ಧತೆಗೆ ಸಿರಪ್ ಕೊಟ್ಟಿದಾರಾ ಅದನ್ನೂ ನೋಡು, ತಿಣುಕಿದ್ರೆ ಬೆನ್ನು ಇನ್ನಷ್ಟು ನೋಯತ್ತೆ. ಮುಖ್ಯವಾದದ್ದು ಇನ್ನೊಂದು: ಕಾಲಲ್ಲಿ ಶಕ್ತಿ ಕುಂದಿದ್ರೆ, ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ತಿಳೀದೆ ಹೋದ್ರೆ, ಬೆನ್ನುಹುರಿ ಒತ್ತುತ್ತಿರಬಹುದು. ನಾಳೆ ನೋಡೋಣ ಅನ್ನದೆ ಆಗ್ಲೇ ಆಸ್ಪತ್ರೆಗೆ ಕರ್ಕೊಂಡ್ಹೋಗು.

ಯೂಟ್ಯೂಬ್ ಹಾಕ್ಬೇಡ ಮಾರಾಯ್ತಿ, ಅವರ ಗಮನ ಅಂಗೈಯಲ್ಲಿರೋವಾಗ್ಲೇ ಜಾಹೀರಾತು ಕೂಗತ್ತೆ. ನಾನೀಗ ಹೇಳಿದ್ದನ್ನೇ ನಿನ್ನ ದನೀಲಿ ರೆಕಾರ್ಡ್ ಮಾಡು. ಒಂದು ವಾಕ್ಯ ಹೇಳಿ ನೀನೇ ಮೂರು ಉಸಿರು ತಗೊಂಡು ಮುಂದಿಂದು ಹೇಳು, ಇಲ್ಲಾಂದ್ರೆ ಓಡಿಬಿಡ್ತೀಯ.