ರೋಮಿನ ಕಸಾಯಿ ಕಲ್ಲು: ಈ 'ಕೊಲ್ಲೆ' ಏನು? ಸಹಾಯ ಬೇಕು

ತಿರುಗುಬಾಣ: ತಲೆ ಕೆಟ್ಟುಹೋಗಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಸಮಾಧಿ ಕಲ್ಲು, ಒಬ್ಬ ಕಸಾಯಿಯದು. ಸಾಲು ಹೀಗಿದೆ: 'ನಿಯುಸ್ ದೆ ಕೊಲ್ಲೆ'. ಕೊಲ್ಲೆ ಅಂದರೆ ಕೊಲ್ಲೇಗಿಯುಮ್, ಕಸುಬುದಾರರ ಸಂಘ ಅಲ್ವಾ? ಆ ಪದ ಹಾಕಿ ಲ್ಯಾಟಿನ್ ಶಾಸನಗಳ ಡೇಟಾಬೇಸ್‌ನಲ್ಲಿ ಹುಡುಕಿದರೆ ಈ ಕಲ್ಲು ಬರುವುದೇ ಇಲ್ಲ.

ಹಳೇಕಲ್ಲು: ಸಂಘವೇ. ಕೆತ್ತಿದವನು ಜಾಗ ಸಾಲದೆ ಮೊಟಕು ಮಾಡಿದ್ದಾನೆ. ಸಂಘದವರೇ ಸಮಾಧಿಗೆ ದುಡ್ಡು ಹಾಕುತ್ತಿದ್ದದ್ದೂ ಉಂಟು.

ಲ್ಯಾಟಿನ್ ಮೇಷ್ಟ್ರು: ಎಡ ಅಂಚು ಮುರಿದಿದೆಯಾ? ಕೆಳಗಿನ ಸಾಲು ಏನು? ಅರ್ಧ ಸಾಲು ಕೊಟ್ಟರೆ ಹೇಗೆ ಹೇಳುವುದು?

ಹಳೇಕಲ್ಲು: ಅದೆಲ್ಲ ಬೇಕಿಲ್ಲ. ಕ್ರಿ.ಪೂ. 64ರಲ್ಲಿ ಸೆನೆಟ್ ಇಂಥ ಸಂಘಗಳನ್ನು ಮುಚ್ಚಿಸಿತು, 58ರಲ್ಲಿ ಜನಪ್ರತಿನಿಧಿ (ಟ್ರಿಬ್ಯೂನ್) ಕ್ಲೋದಿಯುಸ್ ಮತ್ತೆ ತೆರೆಸಿದ. ಕಲ್ಲೂ ಅದೇ ಶತಮಾನದ್ದು. ಹೆದರಿ ಪೂರ್ತಿ ಬರೆಸಿಲ್ಲ.

ಪಡಿಯಚ್ಚು: ಹೆದರಿದವನು ಕಲ್ಲಲ್ಲಿ ಕೆತ್ತಿಸ್ತಾನಾ ಸ್ವಾಮಿ? ಕಸಾಯಿ ಸಮಾಧಿ ಮೇಲೆ 'ಕೊಲ್ಲೆ' ಅಂತಿದೆ, ಪಶ್ಚಾತ್ತಾಪ ಇರಬೇಕು!

ತಿರುಗುಬಾಣ: ತಮಾಷೆ ಸಾಕು. ಎಡಗಡೆ ಮುರಿದಿದೆ. ಕೆಳಗೆ 'ವಿಮಿನಾಲೆ' ಅಂತಿದೆ, ಬೇರೆ ಸಾಲು ಅಂತ ಹಾಕಲಿಲ್ಲ. ಬಲಗಡೆ ಹೆಂಡತಿಯ ಪದ್ಯದಲ್ಲಿ 'ಕೊನ್‌ಲೆಯಿಬೆರ್ತುಸ್' ಅಂತಲೂ ಇದೆ. ಅದೂ ಸಂಘದವನೇ ತಾನೆ?

ಲ್ಯಾಟಿನ್ ಮೇಷ್ಟ್ರು: ಇದನ್ನ ಮೊದಲೇ ಹೇಳಬಾರದಾ ಮಾರಾಯ್ರೆ! ಮುರಿದ ಕಡೆ 'ಲಾ' ಹೋಗಿದೆ. 'ಲಾನಿಯುಸ್ ದೆ ಕೊಲ್ಲೆ ವಿಮಿನಾಲೆ', ರೋಮಿನ ವಿಮಿನಲ್ ಗುಡ್ಡದ ಕಸಾಯಿ. ಲಾನಿಯುಸ್ ಅಂದರೆ ಕಸಾಯಿ, ಕೊಲ್ಲೆ ಅಂದರೆ ಗುಡ್ಡ. ಇವನು ಔರೇಲಿಯುಸ್ ಹೆರ್ಮಿಯಾ, ಅವಳು ಔರೇಲಿಯಾ ಫಿಲೆಮಾತಿಯುಮ್. ಇಬ್ಬರ ಹೆಸರಿನ ನಡುವೆಯೂ ಎರಡು 'ಎಲ್' ಇದೆ ನೋಡಿ. ಮೊದಲನೆಯದು ಒಡೆಯ ಲೂಕಿಯುಸ್, ಎರಡನೆಯದು 'ಬಿಡುಗಡೆಯಾದವರು'; ಲೂಕಿಯುಸ್ ಬಿಡುಗಡೆ ಮಾಡಿದ ಗುಲಾಮರು ಅಂತ. ಒಡೆಯ ಒಬ್ಬನೇ, ಅದಕ್ಕೇ ಅವಳು ಗಂಡನನ್ನು ಕೊನ್‌ಲೆಯಿಬೆರ್ತುಸ್, ಅಂದರೆ ತನ್ನಂತೆಯೇ ಅದೇ ಮನೆಯಿಂದ ಬಿಡುಗಡೆಯಾದವನು ಅನ್ನುತ್ತಾಳೆ. ಇನ್ನೊಂದು ಗಮನಿಸಿ. ಇಲ್ಲಿ 'ಕೊನ್' ಹಾಗೇ ಉಳಿದಿದೆ, 'ಕೊಲ್' ಆಗಿಲ್ಲ. ಸಂಘವನ್ನು ಕೆತ್ತಬೇಕಿದ್ದರೆ 'ಕೊನ್‌ಲೇಗಿಯುಮ್' ಅಂತಲೇ ಕೆತ್ತುತ್ತಿದ್ದ. 'ಲಾನಿಯುಸ್' ಹಾಕಿ ಹುಡುಕಿ.

ಹಳೇಕಲ್ಲು: ಗುಡ್ಡದಲ್ಲಿ ಅಂಗಡಿ ಇಟ್ಟವನು ಸಂಘದಲ್ಲಿ ಇರಬಾರದು ಅಂತೇನಿಲ್ಲ. ರೋಮಿನ ಪೋರ್ತಾ ಮಜ್ಜೋರೆ ಹೆಬ್ಬಾಗಿಲ ಬಳಿಯ ಬ್ರೆಡ್ ವ್ಯಾಪಾರಿ ಎವ್ರಿಸಾಕೆಸ್ ನೋಡಿ, ಅವನೂ ಬಿಡುಗಡೆಯಾದ ಗುಲಾಮ, ಎಷ್ಟು ದೊಡ್ಡ ಗೋರಿ!

ಲ್ಯಾಟಿನ್ ಮೇಷ್ಟ್ರು: ಆ ಗೋರಿಯಲ್ಲಿ ಬಿಡುಗಡೆಯಾದವನು ಅನ್ನುವ 'ಎಲ್' ಎಲ್ಲಿದೆ ತೋರಿಸಿ. 1838ರಿಂದ ಎಲ್ಲರ ಕಣ್ಣ ಮುಂದೆಯೇ ಇದೆ. ಗ್ರೀಕ್ ಹೆಸರು ಬಿಟ್ಟರೆ ನಿಮ್ಮ ಬಳಿ ಏನೂ ಇಲ್ಲ.

ಹಳೇಕಲ್ಲು: ಗುಲಾಮನಾಗಿದ್ದ ಅನ್ನೋಕೆ ಗ್ರೀಕ್ ಹೆಸರೇ ಸಾಕು.

ಪಡಿಯಚ್ಚು: ಜಗಳ ಇರಲಿ. ತಿರುಗುಬಾಣ ಅವರ ಕಲ್ಲಿನ ಫೋಟೋದಲ್ಲಿ ನೇರ ಫ್ಲ್ಯಾಶ್ ಬಿದ್ದಿದೆ, ಅಕ್ಷರ ಸತ್ತೇ ಹೋಗಿದೆ. ಬೆಳಕು ಪಕ್ಕದಿಂದ ಬೀಳಬೇಕು. ನಾನು ಹಳಗನ್ನಡದ ಕಲ್ಲುಗಳಿಗೆ ನಾಲ್ಕು ಕಡೆಯಿಂದಲೂ ಎಲ್‌ಇಡಿ ಹಾಕಿ, ಒಂದೊಂದೇ ಹೊತ್ತಿಸಿ ಫೋಟೋ ತೆಗೀತೀನಿ. ಸ್ಟ್ಯಾಂಡು ನಾನೇ ಮಾಡಿದ್ದು, ಪಿವಿಸಿ ಪೈಪಿಂದ.

ತಿರುಗುಬಾಣ: 'ಲಾನಿಯುಸ್' ಹಾಕಿದೆ, ಬಂತು. ಅನುವಾದವೂ ಸಿಕ್ಕಿತು. ಏಳು ವರ್ಷದವಳಿದ್ದಾಗ ಅವನೇ ಮಡಿಲಿಗೆ ಹಾಕಿಕೊಂಡ, ಹೆತ್ತವರಿಗಿಂತ ಹೆಚ್ಚಾಗಿದ್ದ ಅಂತ ಅವಳೇ ಹೇಳ್ತಾಳಲ್ಲ? ಗುಲಾಮರ ಮನೆಯಲ್ಲಿ ಇದು ಸಾಮಾನ್ಯವಾ?

ಹಳೇಕಲ್ಲು: ಪಿವಿಸಿ ಎಷ್ಟು ಇಂಚಿಂದು?

ಪಡಿಯಚ್ಚು: ಮುಕ್ಕಾಲು. ಒಂದಿಂಚು ತಗೋಬೇಡಿ, ಹೊರೋಕೆ ಭಾರ.