ಸಹಾಯ ಬೇಕು: ಗುಪ್ತಾಂಗದ ಹುಣ್ಣು ಮಾಯವಾಗಿದೆ, ಭಯ ಹೋಗಿಲ್ಲ (ಮಂಡ್ಯ)

ನಮಸ್ಕಾರ. ಹೆಸರು ಹಾಕಿಲ್ಲ, ಕ್ಷಮಿಸಿ. ನನಗೆ 27 ವರ್ಷ. ಎರಡೂವರೆ ತಿಂಗಳ ಹಿಂದೆ ಕಾಂಡೋಮ್ ಇಲ್ಲದೆ ಒಬ್ಬರ ಜೊತೆ ಸೇರಿದ್ದೆ. ಮೂರು ವಾರಕ್ಕೆ ಶಿಶ್ನದ ಚರ್ಮದ ಮೇಲೆ ಒಂದು ಹುಣ್ಣಾಯಿತು. ನೋವಿಲ್ಲ, ತುರಿಕೆ ಇಲ್ಲ, ಅಂಚು ಮಾತ್ರ ಗಟ್ಟಿ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮುಲಾಮು ಹಚ್ಚಿದೆ, ಒಂದು ತಿಂಗಳಲ್ಲಿ ಹೋಯಿತು. ಸಿಫಿಲಿಸ್ ಹುಣ್ಣು ಹೀಗೇ ತಾನಾಗಿ ಮಾಯವಾಗುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ, ಅಲ್ವಾ? ಈಗ ಅಂಗೈಯಲ್ಲಿ ಕೆಂಪು ಚುಕ್ಕೆಗಳು ಕಾಣಿಸಿವೆ. ನಿದ್ದೆ ಬರುತ್ತಿಲ್ಲ.

ಇಲ್ಲಿನ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋದರೆ ಊರಿನವರು ಸಿಗುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೋರಿಸಿದವರು ಇದ್ದೀರಾ? ಚೀಟಿ ಮಾಡಿಸುವಾಗ ಎಲ್ಲರೆದುರು ಕಾರಣ ಹೇಳಬೇಕಾ? ವಿಡಿಆರ್‌ಎಲ್ (ಸಿಫಿಲಿಸ್‌ನ ರಕ್ತ ಪರೀಕ್ಷೆ), ಎಚ್‌ಐವಿ ಎರಡಕ್ಕೂ ಒಂದೇ ದಿನ ರಕ್ತ ಕೊಡಬಹುದಾ? ಆ ಹುಡುಗಿಗೂ ಹೇಳಲೇಬೇಕು, ಅವಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಲ್ಲ. ಹೇಗೆ ಮಾತು ಶುರು ಮಾಡಲಿ? ದಯವಿಟ್ಟು ಗೊತ್ತಿರುವವರು ತಿಳಿಸಿ. ಸೋಮವಾರ ರಜೆ ಹಾಕಿದ್ದೇನೆ.