ಫೋರ್ಜ್‌ಗೆ ಕುಲುಮೆ ಆದೀತು, ‘ಇಂಡಿಪೆಂಡೆಂಟ್’ಗೆ ಏನು?

ಎಲ್ಲರಿಗೂ ನಮಸ್ಕಾರ.

ಗಿಟ್‌ಹಬ್ ಎಂಬ ತಾಣದಲ್ಲಿರುವ ಕೋಡನ್ನು (ತಂತ್ರಾಂಶದ ಮೂಲ ಬರಹವನ್ನು) ಕೋಡ್‌ಬೆರ್ಗ್ ಎಂಬ ಅಂಥದೇ ಇನ್ನೊಂದು ತಾಣಕ್ಕೆ ಸಾಗಿಸುವುದು ಹೇಗೆಂದು ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುವಲ್ಲಿ ಗಾಡಿ ನಿಂತಿದೆ.

ಒಂದು, ಫೋರ್ಜ್. ಕೋಡ್ ಇಡುವುದು, ದೋಷ ಹೇಳುವುದು, ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡಿ ಸೇರಿಸಿಕೊಳ್ಳುವುದು, ಇಷ್ಟೂ ಒಂದೇ ಕಡೆ ನಡೆಯುವ ತಾಣ. 1999ರಲ್ಲಿ ಬಂದ ಸೋರ್ಸ್‌ಫೋರ್ಜ್‌ನ ಹೆಸರಲ್ಲೇ ಈ ಮಾತಿದೆ. ಕೋಡ್‌ಬೆರ್ಗ್ ನಡೆಯುವುದು ಫೋರ್ಜೆಯೊ ಎಂಬ ತಂತ್ರಾಂಶದ ಮೇಲೆ. ಇಂಗ್ಲಿಷಿನಲ್ಲಿ ಫೋರ್ಜ್ ಎಂದರೆ ಕಮ್ಮಾರಸಾಲೆ, ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯಲ್ಲಿ ಫೋರ್ಜೆಯೊ ಎಂದರೂ ಅದೇ. ಹಾಗಾಗಿ ‘ಕುಲುಮೆ’ ಎಂದು ಬರೆದೆ. ಗೆಳೆಯರೊಬ್ಬರು ‘ಕಮ್ಮಟ’ ಎಂದರು. ಕಮ್ಮಟವೆಂದರೆ ಈಗ ಎರಡು ದಿನದ ಶಿಬಿರ, ಊಟ-ವಸತಿ ಉಂಟೇ ಎಂದು ಕೇಳಿಯಾರು! ಕುಲುಮೆ ಬರೀ ಬೆಂಕಿಯ ಗುಂಡಿ ಎನ್ನಬಹುದು, ಆದರೆ ‘ಕುಲುಮೆಗೆ ಹೋಗಿ ಕುಡುಗೋಲು ತಟ್ಟಿಸ್ಕೊಂಡು ಬಾ’ ಅನ್ನುವಾಗ ಇಡೀ ಜಾಗವೇ ಅಲ್ಲವೇ? (ಅಂದಹಾಗೆ ಜರ್ಮನ್‌ನಲ್ಲಿ ಬೆರ್ಗ್ ಅಂದರೆ ಬೆಟ್ಟ. ನಮ್ಮಲ್ಲಿ ಕೋಡು ಅಂದರೂ ಬೆಟ್ಟದ ತುದಿ. ಆ ಹೆಸರನ್ನು ಮುಟ್ಟುವುದೇ ಬೇಡ.)

ನಿಜವಾದ ತೊಡಕು ಎರಡನೆಯದು: ಇಂಡಿಪೆಂಡೆಂಟ್. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಗಿಟ್‌ಹಬ್ ಕೊಂಡಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಕೋಡ್‌ಬೆರ್ಗ್ ಒಂದು ನೋಂದಾಯಿತ ಸಂಘವಾಗಿ ಹುಟ್ಟಿತು. ಸದಸ್ಯರ ಚಂದಾ, ದೇಣಿಗೆಯಲ್ಲಿ ನಡೆಯುತ್ತದೆ. ಇದನ್ನು ‘ಸ್ವತಂತ್ರ ಕುಲುಮೆ’ ಎನ್ನೋಣವೆಂದರೆ ಫ್ರೀ ಸಾಫ್ಟ್‌ವೇರ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು) ಆಗಲೇ ‘ಸ್ವತಂತ್ರ ತಂತ್ರಾಂಶ’ ಆಗಿದೆ. ಲೈಸೆನ್ಸ್ ಮುಕ್ತವಾಗಿರುವುದೂ ಕಂಪನಿಯ ಹಿಡಿತವಿಲ್ಲದಿರುವುದೂ ಒಂದೇ ಅಲ್ಲ. ಫೋರ್ಜೆಯೊ ಹುಟ್ಟಿದ ಕತೆಯನ್ನೇ ನೋಡಿ: 2022ರಲ್ಲಿ ಗಿಟೀ ಎಂಬ ಇನ್ನೊಂದು ಕುಲುಮೆ ತಂತ್ರಾಂಶದ ಟ್ರೇಡ್‌ಮಾರ್ಕ್, ಡೊಮೇನ್ ಒಂದು ಲಾಭದ ಕಂಪನಿಯ ಕೈಗೆ ಹೋದವು. ಲೈಸೆನ್ಸ್ ಮಾತ್ರ ಮೊದಲಿನ ಹಾಗೇ ಮುಕ್ತವಾಗಿತ್ತು. ಒಪ್ಪದವರು ಅದೇ ಕೋಡನ್ನು ತೆಗೆದುಕೊಂಡು ಕವಲೊಡೆದು ಫೋರ್ಜೆಯೊ ಮಾಡಿಕೊಂಡರು. ‘ಸ್ವತಂತ್ರವಾಗಿದ್ದದ್ದು ಸ್ವತಂತ್ರವಾಗಿರಲಿಲ್ಲವೆಂದು ಸ್ವತಂತ್ರರಾದರು’ ಎಂದು ಕೈಪಿಡಿಯಲ್ಲಿ ಬರೆಯಲೇ?

ಸ್ವಾಯತ್ತ ಎಂದರೆ ವಿಶ್ವವಿದ್ಯಾಲಯದ ಸುತ್ತೋಲೆ ಕಣ್ಣಿಗೆ ಬರುತ್ತದೆ. ಸ್ವಾವಲಂಬಿ ಎಂದರೆ ಸ್ವಂತ ಸರ್ವರ್ ಇಟ್ಟುಕೊಂಡವರು ಎಂದಾಗುತ್ತದೆ. ಅವರಿಗೆ ಬೇರೆ ಪದ ಬೇಕೇ ಬೇಕು. ನನ್ನ ಮನಸ್ಸು ‘ಹಂಗಿಲ್ಲದ ಕುಲುಮೆ’ಯ ಕಡೆಗೆ ವಾಲಿದೆ. ದೊಡ್ಡ ಕಂಪನಿ ಪುಕ್ಕಟೆ ಖಾತೆ ಕೊಡುತ್ತದೆ, ನಾವು ವರ್ಷಗಟ್ಟಲೆ ಅಲ್ಲೇ ಬೇರು ಬಿಡುತ್ತೇವೆ, ನಾಳೆ ನಿಯಮ ಬದಲಾದರೆ ತುಟಿ ಬಿಚ್ಚುವ ಹಾಗಿಲ್ಲ. ಇದಕ್ಕೆ ಹಂಗು ಎನ್ನದೆ ಇನ್ನೇನೆನ್ನುವುದು?

ಆದರೆ ಸಂಘದ ದೇಣಿಗೆಯಲ್ಲಿ ನಡೆಯುವ ಕುಲುಮೆಯನ್ನು ಚಂದಾ ಕೊಡದೆ ಬಳಸುವುದೂ ಹಂಗೇ ಎಂದು ಮನೆಯಲ್ಲಿ ತಕರಾರು ಬಂದಿದೆ. ಉತ್ತರ ಹೊಳೆದಿಲ್ಲ. ‘ಹಂಗು’ ನಿಮ್ಮ ಕಡೆ ಕೊಟ್ಟವನ ಅಧಿಕಾರವನ್ನು ಸೂಚಿಸುತ್ತದೆಯೋ, ಪಡೆದವನ ಋಣವನ್ನು ಮಾತ್ರವೋ? ಉತ್ತರ ಕರ್ನಾಟಕ, ಕರಾವಳಿಯವರು ಬಳಕೆಯ ಒಂದೆರಡು ಮಾತು ಹೇಳಿದರೆ ಉಪಕಾರ. ಹಂಗಲ್ಲ, ಉಪಕಾರ.